ಅವ್ವನ ಪ್ಯಾರಾ

ಶಿಫಾರಸು ಪತ್ರವನ್ನು ಮೇಷ್ಟ್ರು ಬರೆಯುತ್ತಾರೆ ಎಂದು ನಂಬಿಕೊಂಡವರು ಯಾರಾದರೂ ಇನ್ನೂ ಉಳಿದಿದ್ದರೆ, ಅವರ ಕಣ್ಣು ತೆರೆಸುವ ಪುಣ್ಯ ನನಗೇ ಬರಲಿ. ನಾನು ಪಿಎಚ್.ಡಿ. ಮಾಡಿದ ಹೈದರಾಬಾದಿನ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಅದನ್ನು ಬರೆಯುವವರು ವಿದ್ಯಾರ್ಥಿಗಳೇ. ಮುಂದಿನ ಓದಿಗೋ ಕೆಲಸಕ್ಕೋ ಅರ್ಜಿ ಹಾಕುವವನು ಗೈಡ್ ಮುಂದೆ ಹೋಗಿ ಕೈಕಟ್ಟಿ ನಿಲ್ಲುತ್ತಾನೆ. ಗೈಡ್ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ‘ಡ್ರಾಫ್ಟ್ ಮಾಡಿ ಕಳಿಸು’ ಅನ್ನುತ್ತಾರೆ. ಇವನು ರೂಮಿಗೆ ಹೋಗಿ ತನ್ನನ್ನು ತಾನೇ ಹೊಗಳಿ ಅಟ್ಟಕ್ಕೇರಿಸಿಕೊಳ್ಳುತ್ತಾನೆ. ಎರಡು ದಿನದಲ್ಲಿ ಅದರ ಕೆಳಗೆ ಗೈಡ್ ಸಹಿ ಬೀಳುತ್ತದೆ. ನಮ್ಮ ಲ್ಯಾಬಿನ ಒಬ್ಬ ಮಹಾಶಯ ‘ನನ್ನ ಇಪ್ಪತ್ತು ವರ್ಷದ ಅಧ್ಯಾಪನದಲ್ಲಿ ಇಂಥ ತಲೆಯನ್ನು ಕಂಡಿಲ್ಲ’ ಎಂದು ತನ್ನ ತಲೆಯ ಬಗ್ಗೆ ತಾನೇ ಬರೆದುಕೊಂಡಿದ್ದ. ಅದಕ್ಕೂ ಸಹಿ ಬಿತ್ತು. ಆತ ಈಗ ಒಳ್ಳೆಯ ಕಡೆ ಇದ್ದಾನೆ.

ನನ್ನ ಪ್ರಬಂಧ ಮುಗಿದ ವರ್ಷ ನಾನೂ ಹಾಗೇ ಮೇಡಂ ಮುಂದೆ ಹೋಗಿ ನಿಂತೆ. ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆದರು. ಕನ್ನಡಕವನ್ನೂ ತೆಗೆದರು. ‘ನಿಂದು ನೀ ಬರಿಬ್ಯಾಡ ತಂಗಿ. ನಿಂದು ನಾನ ಬರೀತೀನಿ’ ಅಂದರು. ನಾನು ಮೆಟ್ಟಿಲು ಇಳಿದು ಕ್ಯಾಂಟೀನಿಗೆ ಬಂದದ್ದು ನೆಲದ ಮೇಲೆ ನಡೆದೋ ಗಾಳಿಯ ಮೇಲೆ ನಡೆದೋ ಗೊತ್ತಿಲ್ಲ. ಲ್ಯಾಬಿನಲ್ಲಿ ಸುದ್ದಿ ಹಬ್ಬಿ ಎಲ್ಲರ ಮುಖ ಸಣ್ಣದಾಯಿತು. ಇಷ್ಟು ವರ್ಷ ಇಂಗ್ಲಿಷಿನಲ್ಲಿ ತಡವರಿಸಿ ಅವರ ನಗೆಗೆ ಈಡಾಗಿದ್ದ ನನಗೆ ಆ ಸಣ್ಣ ಮುಖಗಳನ್ನು ನೋಡಿ ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಮೇಡಂ ನನ್ನ ಗೈಡ್ ಮಾತ್ರವಲ್ಲ, ಸಂಸ್ಥೆಯ ‘ಸಪೋರ್ಟ್ ಸೆಲ್’ನ ಮುಖ್ಯಸ್ಥೆ ಕೂಡ. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು, ಮೀಸಲಾತಿಯಲ್ಲಿ ಬಂದು ಅದಕ್ಕಾಗಿ ದಿನಾ ಚುಚ್ಚುಮಾತು ಕೇಳುವವರು, ಸೆಮಿನಾರಿನಲ್ಲಿ ಬಾಯಿ ತೆರೆಯಲು ಹೆದರುವವರು, ಇಂಥ ನಮ್ಮನ್ನೆಲ್ಲ ಕೈಹಿಡಿದು ದಾಟಿಸಲು ಇದ್ದದ್ದು ಆ ಸೆಲ್. ಮೇಡಂ ಅವರ ತಂದೆ ಧಾರವಾಡದಿಂದ ಇಲ್ಲಿನ ಕೇಂದ್ರ ಸರ್ಕಾರದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದವರು. ಮೇಡಂ ಹುಟ್ಟಿದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಹೊರಗೆ ತೆಲುಗು, ಹಿಂದಿ, ಇಂಗ್ಲಿಷ್; ಮನೆಯೊಳಗೆ ಅಪ್ಪಟ ಕನ್ನಡ. ನಾನು ಸೇರಿದ ವಾರ ಅವರು ಫೋನಿನಲ್ಲಿ ‘ಭಾಕ್ರಿ ಮಾಡೀಯೇನ?’ ಎಂದು ಯಾರನ್ನೋ ರೊಟ್ಟಿಯ ವಿಚಾರ ಕೇಳುವುದು ಕಿವಿಗೆ ಬಿತ್ತು. ಫೋನ್ ಇಡುವವರೆಗೆ ಕಾದು ‘ಮೇಡಂ, ನಮ್ದು ಯಾದಗಿರಿ ಕಡಿ ರಿ’ ಅಂದೆ. ಅವರು ಎದ್ದು ಬಂದು ನನ್ನ ಎರಡೂ ಭುಜ ಹಿಡಿದುಕೊಂಡರು. ‘ನಮ್ಮ ಹುಡುಗಿ’ ಅಂದರು. ಆವತ್ತಿನಿಂದ ನಾನು ಅವರಿಗೆ ‘ನಮ್ಮ ಹುಡುಗಿ’ಯಾದೆ.

ನಮ್ಮಪ್ಪ, ಅವ್ವ ಯಾದಗಿರಿ ಸೀಮೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನಾನು ಕೂಸಾಗಿದ್ದಾಗ ಮಾದಾಪುರದಲ್ಲಿ ಆಫೀಸುಗಳು ಏಳುತ್ತಿದ್ದವು, ಅವರು ಅಲ್ಲಿದ್ದರು. ನಾನು ನಡೆಯಲು ಕಲಿತ ಮೇಲೆ ನಾಲ್ಕನೇ ಇಯತ್ತೆಯವರೆಗೆ ನನ್ನನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರಿಂದ ನಾಲ್ಕು ಕನ್ನಡ ಅಕ್ಷರ ಕೈಗೆ ಹತ್ತಿದವು. ಆಮೇಲೆ ಮಣಿಕೊಂಡದ ತಗಡಿನ ಶೆಡ್ಡು, ಸರ್ಕಾರಿ ತೆಲುಗು ಶಾಲೆ, ಡಿಪ್ಲೊಮಾ, ಅಲ್ಲಿಂದ ಎಂಜಿನಿಯರಿಂಗ್. ಈಗ ಅಪ್ಪ ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್. ಪಾರ್ಕಿಂಗ್ ಪಕ್ಕದ ಒಂದು ಕೋಣೆ ನಮ್ಮ ಮನೆ. ಆ ಕಟ್ಟಡದ ಮೂರನೇ ಮಹಡಿಯ ಸ್ಲ್ಯಾಬ್ ಹಾಕಿದ ದಿನ ಅವ್ವ ಅಲ್ಲೇ ಕೆಲಸಕ್ಕಿದ್ದಳು. ಇದನ್ನು ಅವಳು ಹೆಮ್ಮೆಯಿಂದ ಹೇಳುತ್ತಾಳೆ. ಮೂರನೇ ಮಹಡಿಯವರಿಗೆ ಮಾತ್ರ ಗೊತ್ತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಮಾಡಿದ ಕೆಲಸವನ್ನೂ ಹೇಳಬೇಕು. ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ತಿರುಗುವ ಯಂತ್ರಗಳಲ್ಲೆಲ್ಲ ಬೇರಿಂಗ್ ಇರುತ್ತದೆ. ಅದು ಕೆಡುವ ಮುಂಚೆ ಅದರ ನಡುಕ ಬದಲಾಗುತ್ತದೆ. ಜೋರಾಗಿ ತಿರುಗುವ ಯಂತ್ರದಲ್ಲಿ ಆ ಬದಲಾವಣೆಯನ್ನು ಹಿಡಿಯುವುದು ಸುಲಭ. ನಿಧಾನವಾಗಿ ತಿರುಗುವ ದೊಡ್ಡ ಯಂತ್ರದಲ್ಲಿ ಅದು ಬಲು ಕಷ್ಟ. ಸುತ್ತಲಿನ ಗದ್ದಲದಲ್ಲಿ ಆ ಸಣ್ಣ ನಡುಕ ಮುಳುಗಿಹೋಗುತ್ತದೆ. ಗದ್ದಲವನ್ನು ಬಗೆಬಗೆಯಾಗಿ ಸೋಸಿ, ಆ ನಡುಕವನ್ನು ಬೇರಿಂಗ್ ಕೆಡುವ ಹಲವು ದಿನ ಮೊದಲೇ ಹಿಡಿಯುವ ಒಂದು ವಿಧಾನವನ್ನು ನಾನು ಕಂಡುಹಿಡಿದೆ. ಅದಕ್ಕೆ ಐದು ವರ್ಷ ಬೇಕಾಯಿತು. ಇದಕ್ಕೂ ನಮ್ಮವ್ವ ಹೊತ್ತ ಬುಟ್ಟಿಗೂ ಏನೂ ಸಂಬಂಧವಿಲ್ಲ.

ಮೇಡಂ ಅವರ ವಿಷಯ ಶಾಖ ಮತ್ತು ಶೈತ್ಯ ಯಂತ್ರಗಳು. ನನಗೆ ಬೇರೆ ಯಾವ ಗೈಡೂ ಸಿಗದೆ ಇದ್ದಾಗ ‘ನಿನಗ ಬೇಕಾದ್ದು ಮಾಡು, ನಾ ಇದ್ದೀನಿ’ ಎಂದು ಸೇರಿಸಿಕೊಂಡಿದ್ದರು. ಲ್ಯಾಬಿನ ಉಳಿದ ಮೂವರ ಅಧ್ಯಾಯಗಳು ಅವರ ಕೋಣೆಯಿಂದ ಕೆಂಪು ಶಾಯಿಯಲ್ಲಿ ಮಿಂದು ಹೊರಗೆ ಬರುತ್ತಿದ್ದವು. ನನ್ನವು ಹೋದಷ್ಟೇ ಬೆಳ್ಳಗೆ ವಾಪಸು ಬರುತ್ತಿದ್ದವು, ಕೊನೆಯ ಪುಟದಲ್ಲಿ ‘ವೆರಿ ಗುಡ್’ ಎಂದು ಬರೆಸಿಕೊಂಡು. ಆ ಮೂವರು ಬೈಸಿಕೊಂಡು ಒಂದೊಂದು ಅಧ್ಯಾಯವನ್ನು ನಾಲ್ಕು ಸಲ ಬರೆಯುವಾಗ ನಾನು ಒಳಗೊಳಗೇ ಬೀಗುತ್ತಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಜ್ಜಿ ಸಾವಿರ ಸಲ ಹೇಳಿದ್ದಳು. ಅದು ಕಾಗದಕ್ಕೂ ಅನ್ವಯಿಸುತ್ತದೆ ಅಂತ ನನಗೆ ಹೊಳೆದಿರಲಿಲ್ಲ.

ನನ್ನ ಮೊದಲ ಲೇಖನ ಒಂದು ಒಳ್ಳೆಯ ಪತ್ರಿಕೆಯಲ್ಲಿ ಸ್ವೀಕಾರವಾದಾಗ ಮೇಡಂ ‘ನಿಮ್ಮವ್ವನ ಕೈಯಾಗಿನ ರೊಟ್ಟಿ ತಿನ್ನಾಕ ಬರ್ತೀನಿ’ ಅಂದರು. ಬಂದೇ ಬಂದರು. ಪಾರ್ಕಿಂಗ್ ಪಕ್ಕದ ನಮ್ಮ ಕೋಣೆಯಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿಸಿಕೊಂಡು ಉಂಡರು. ಅವ್ವ ಸೆರಗು ಹೊದ್ದು ಬಾಗಿಲ ಹತ್ತಿರ ನಿಂತೇ ಇದ್ದಳು. ಮೇಡಂ ಕೈಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಅಷ್ಟು ಕಲಿತ ಹೆಂಗಸೊಬ್ಬಳು ಅವ್ವನ ಕೈ ಹಿಡಿದದ್ದು ಅದೇ ಮೊದಲು. ನನ್ನನ್ನು ಮೊಸರು ತರಲು ಅಂಗಡಿಗೆ ಅಟ್ಟಿದರು. ನಾನು ಬರುವಷ್ಟರಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಅವ್ವನ ಕಣ್ಣು ಒದ್ದೆಯಾಗಿದ್ದವು. ಮೇಡಂ ಹೋದ ಮೇಲೆ ಕೇಳಿದೆ.

‘ಏನು ಮಾತಾಡಿದ್ರಿ ಅಷ್ಟೊತ್ತು?’

‘ಮಕ್ಕಳನ್ನ ಹಡದವರ ಮಾತು ಅದು. ನಿನಗ್ಯಾಕ ಬೇ’ ಅಂದಳು ಅವ್ವ. ‘ಅಕ್ಕೋರು ಭಾಳ ಚಲೋ ಅದಾರ. ನಮ್ಮ ಒಡಹುಟ್ಟಿದಾಕಿ ಇದ್ದಂಗ ಅದಾರ.’

ಪ್ರಬಂಧ ಮುಗಿಯಿತು. ಮೇಡಂ ತಮ್ಮ ಕೈಯಾರೆ ಬರೆದ ಪತ್ರ ಹಿಡಿದು ನಾನು ಮೂರು ಪ್ರಯೋಗಾಲಯಗಳಿಗೆ ಅರ್ಜಿ ಹಾಕಿದೆ. ಹಿಡಿದು ಅನ್ನುವುದು ಮಾತಿಗೆ. ಅಂಥ ಪತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಬರೆದವರಿಂದ ನೇರವಾಗಿ ಅವರಿಗೆ ಹೋಗುತ್ತದೆ. ಮೂರೂ ಕಡೆಯಿಂದ ಕರೆ ಬಂತು. ಒಂದು ಕಡೆ ಹಿರಿಯ ವಿಜ್ಞಾನಿಯೊಬ್ಬರು ಕಾಗದ ಮಡಿಸಿಟ್ಟು, ‘ನಿಮ್ಮ ಗೈಡ್ ಬರೆದದ್ದನ್ನು ಓದಿ ಕಣ್ಣು ತುಂಬಿಬಂತು’ ಅಂದರು. ‘ತಂದೆತಾಯಿಗೆ ನೀವು ಮಾಡುವ ಕೆಲಸ ತಿಳಿಯುತ್ತದೆಯೇ?’ ಎಂದು ಕೇಳಿದರು. ಹಳ್ಳಿಯ ಬಗ್ಗೆ ಕೇಳಿದರು. ಬೇರಿಂಗ್ ಬಗ್ಗೆ ಒಂದೇ ಪ್ರಶ್ನೆ, ಅದೂ ಗಡಿಯಾರ ನೋಡುತ್ತ. ನಾನು ಇವರು ಎಷ್ಟು ಹೃದಯವಂತರು ಅಂದುಕೊಂಡು ಹೊರಗೆ ಬಂದೆ. ಮೂರೂ ಕಡೆಯಿಂದ ಇಲ್ಲ ಎಂಬ ಉತ್ತರ ಬಂತು. ಒಂದರಲ್ಲಂತೂ, ನಿಮ್ಮ ಬದುಕು ಸ್ಫೂರ್ತಿ ಕೊಡುವಂಥದು, ಆದರೆ ನಿಮ್ಮ ಸ್ವತಂತ್ರ ಸಂಶೋಧನೆಯ ಶಕ್ತಿಯನ್ನು ಅಳೆಯಲು ನಮಗೆ ಆಧಾರ ಸಾಲಲಿಲ್ಲ ಎಂದಿತ್ತು. ಐದು ವರ್ಷದ ಕೆಲಸ, ಮೂರು ಲೇಖನ, ಆಧಾರ ಸಾಲಲಿಲ್ಲ. ತಪ್ಪು ನನ್ನ ಇಂಗ್ಲಿಷಿನದೇ ಇರಬೇಕು ಎಂದು ಕನ್ನಡಿಯ ಮುಂದೆ ನಿಂತು ಮಾತಾಡುವುದನ್ನು ಅಭ್ಯಾಸ ಮಾಡಿದೆ. ಮೇಡಂ ‘ಹೋಗ್ಲಿ ಬಿಡು, ನಮ್ಮ ಸೆಲ್ಲಿನಾಗ ಇರು’ ಎಂದು ಒಂದು ತಾತ್ಕಾಲಿಕ ಕೆಲಸ ಕೊಡಿಸಿದರು. ನಾನು ಕಣ್ಣೀರು ಹಾಕಿ ಕೃತಜ್ಞತೆ ಹೇಳಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಸೆಲ್ಲಿಗೆ ಬರುವವರಲ್ಲಿ ಯಾದಗಿರಿ ಕಡೆಯವಳೇ ಆದ ಒಬ್ಬಳು ಎಂ.ಟೆಕ್. ಹುಡುಗಿ ಇದ್ದಳು. ನನ್ನನ್ನು ಅಕ್ಕ ಅನ್ನುತ್ತಿದ್ದಳು. ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ಸೋಸುಪುಡಿಯ ಮೇಲೆ ಕೆಲಸ ಮಾಡಿದ್ದಳು. ಬೇರೊಂದು ಊರಿನ ಹೆಸರುವಾಸಿ ಸಂಸ್ಥೆಯಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕಿದ್ದಳು. ಆ ಸೀಟು ಸಿಗದಿದ್ದರೆ ಊರಿಗೆ ಹೋಗಿ ಮದುವೆಗೆ ಒಪ್ಪಿಕೊಳ್ಳುವುದೆಂದು ಮನೆಯವರಿಗೂ ಅವಳಿಗೂ ಮಾತಾಗಿತ್ತು. ಅವಳಿಗೂ ಪತ್ರ ಬೇಕಿತ್ತು. ಒಂದು ಬೆಳಿಗ್ಗೆ ಮೇಡಂ ನನ್ನನ್ನು ಕರೆದು, ‘ಈಕಿದೂ ನಾನ ಕೊಡ್ತೀನಿ ಅಂದೀನಿ. ನನಗ ಪುರುಸೊತ್ತಿಲ್ಲ, ನೀ ಡ್ರಾಫ್ಟ್ ಮಾಡು. ಒಂದು ಮಾಡೆಲ್ ಕಳಿಸ್ತೀನಿ, ಅದರಂಗ ಮಾಡಿದ್ರ ಆತು’ ಅಂದರು. ನಾನು ನನ್ನ ಮೇಜಿಗೆ ಬರುವಷ್ಟರಲ್ಲಿ ಫೈಲ್ ಬಂದಿತ್ತು. ಹೆಸರು ‘ಮಾಡೆಲ್’.

ತೆರೆದೆ. ಅದು ನನ್ನ ಪತ್ರ. ಹೆಸರನ್ನೂ ಅಳಿಸಿರಲಿಲ್ಲ.

ಎರಡು ಪುಟವಿತ್ತು. ಮೊದಲ ಪ್ಯಾರಾ, ಈಕೆ ಕಟ್ಟಡ ಕಾರ್ಮಿಕರ ಮಗಳು. ಎರಡನೆಯದು, ಈಕೆಯ ತಾಯಿಯ ಕಥೆ. ಮೂರನೆಯದು, ಒಂದೇ ಕೋಣೆಯ ಮನೆ, ಚಾಪೆ, ರೊಟ್ಟಿ, ‘ಅವರ ಬಡತನದ ಘನತೆ’. ನಾಲ್ಕನೆಯದು, ಈಕೆಯ ವಿನಯ. ಕೊನೆಯಲ್ಲಿ, ‘ಇಂಥ ಹಿನ್ನೆಲೆಯವರಿಗೆ ಒಂದು ಅವಕಾಶ ಕೊಡುವುದು ನಮ್ಮೆಲ್ಲರ ಕರ್ತವ್ಯ’. ಬೇರಿಂಗ್ ಎಂಬ ಶಬ್ದ ಒಂದೇ ಒಂದು ಸಲ ಬಂದಿತ್ತು. ಅದೂ ಪ್ರಬಂಧದ ಶೀರ್ಷಿಕೆಯಲ್ಲಿ. ಶೀರ್ಷಿಕೆಯೂ ಪೂರ್ತಿ ಸರಿಯಿರಲಿಲ್ಲ.

ಆಮೇಲೆ ಎರಡನೇ ಪ್ಯಾರಾವನ್ನು ಮತ್ತೆ ಓದಿದೆ. ಮಾದಾಪುರದ ಕೆಲಸದ ಜಾಗದಲ್ಲಿ ಸೀರೆಯ ಜೋಳಿಗೆ ಕಟ್ಟಿ ತಾಯಿ ಕೂಸನ್ನು ಮಲಗಿಸುತ್ತಿದ್ದಳು. ಕೂಸು ಅತ್ತರೆ ಮೇಸ್ತ್ರಿ ಕೆಲಸದಿಂದ ಕಳಿಸಿಬಿಡುತ್ತಿದ್ದ. ಅದಕ್ಕೆ ತಾಯಿ ಬಟ್ಟೆಯ ತುದಿಯನ್ನು ಸೇಂದಿಯಲ್ಲಿ ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದಳು. ಮರದಿಂದ ಇಳಿಸಿ ಹುಳಿ ಬಂದ ಹೆಂಡ. ಕೂಸು ಸಂಜೆಯವರೆಗೆ ಮಲಗುತ್ತಿತ್ತು. ‘ಆ ಕೂಸೇ ಇಂದು ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದಿದೆ’ ಎಂದು ಮೇಡಂ ಮುಗಿಸಿದ್ದರು.

ನನಗೆ ಇದು ಗೊತ್ತಿರಲಿಲ್ಲ. ನನ್ನ ಬಾಯಿಗೆ ಏನು ಇಟ್ಟಿದ್ದರು ಎಂಬುದನ್ನು ನಾನು ತಿಳಿದದ್ದು ಮೂರು ಪ್ರಯೋಗಾಲಯಗಳ ಅಪರಿಚಿತರು ಓದಿ ಮುಗಿಸಿದ ಮೇಲೆ. ಅವ್ವ ಅಪ್ಪನಿಗಾದರೂ ಹೇಳಿದ್ದಳೋ ಇಲ್ಲವೋ. ಇಪ್ಪತ್ತೈದು ವರ್ಷ ಎದೆಯೊಳಗೆ ಹೂತಿಟ್ಟುಕೊಂಡದ್ದನ್ನು ಒಂದು ಮಧ್ಯಾಹ್ನ, ಒಡಹುಟ್ಟಿದವಳಂತೆ ಕೈಹಿಡಿದ ಒಬ್ಬಳ ಮುಂದೆ, ನಾನು ಮೊಸರು ತರಲು ಹೋದ ಹತ್ತು ನಿಮಿಷದಲ್ಲಿ ಇಳಿಸಿಕೊಂಡಿದ್ದಳು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ಮೇಡಂ ನಮ್ಮ ಮನೆಯ ಉಪ್ಪನ್ನು ಉಂಡು, ಕೈತೊಳೆದು, ಹೋಗಿ ಪತ್ರ ಬರೆದಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಅವರ ಕೋಣೆಗೆ ಹೋದೆ.

ಮೇಡಂ ಚಹಾ ತರಿಸಿದರು. ಅವರ ಮುಖದಲ್ಲಿ ಕಳ್ಳತನವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

‘ಮಾಡೆಲ್ ಓದಿದೆ ರಿ ಮೇಡಂ. ನಂದ ಐತಿ ಅದು.’

‘ಹೌದಲ್ಲ. ನಾ ಬರದದ್ರಾಗ ಅದು ಎಲ್ಲಾಕ್ಕಿಂತ ಚಲೋ ಬಂದೈತಿ.’

‘ಅದರಾಗ ನನ್ನ ಕೆಲಸಾನ ಇಲ್ಲಲ್ರಿ.’

‘ಕೆಲಸ ನಿನ್ನ ಬಯೋಡೇಟಾದಾಗ ಇರ್ತೈತಲ್ಲ. ಪತ್ರದಾಗ ಮನಸ್ಸಿಗೆ ತಟ್ಟೋದು ಇರಬೇಕು. ಬರದದ್ರಾಗ ಸುಳ್ಳು ಏನೈತಿ ಹೇಳು?’

ಸುಳ್ಳೇನೂ ಇರಲಿಲ್ಲ. ಕೊನೆಗೆ ಕೇಳಬಾರದ ಒಂದು ಪ್ರಶ್ನೆ ಕೇಳಿದೆ.

‘ನನ್ನ ಥೀಸಿಸ್ ಓದೀರೇನ್ರಿ ನೀವು?’

ಮೇಡಂ ಚಹಾದ ಲೋಟ ಕೆಳಗಿಟ್ಟರು. ‘ನೋಡು, ಬೇರಿಂಗ್ ನನ್ನ ಏರಿಯಾ ಅಲ್ಲ. ಹೊರಗಿನ ಎಕ್ಸಾಮಿನರ್ ಓದಿ ಚಲೋ ಐತಿ ಅಂದ್ರು. ಮತ್ತ ನಿನಗ ನಾ ಕಷ್ಟ ಕೊಡಬಾರದು ಅಂತ ಮೊದಲಿಂದ ಅನ್ಕೊಂಡಿದ್ದೆ. ಮೊದಲ ಎಷ್ಟು ಕಷ್ಟ ಪಟ್ಟು ಬಂದೀದಿ ನೀ.’

ಲ್ಯಾಬಿನ ಆ ಮೂವರಿಗೆ ಅವರು ಕಷ್ಟ ಕೊಟ್ಟರು. ಅವರ ಒಂದೊಂದು ವಾಕ್ಯಕ್ಕೂ ಜಗಳವಾಡಿದರು. ಅವರನ್ನು ವಿದ್ವಾಂಸರನ್ನಾಗಿ ಮಾಡಲು ಹೊರಟಿದ್ದರು. ನನ್ನನ್ನು ದಾಟಿಸಲು ಹೊರಟಿದ್ದರು. ಐದು ವರ್ಷ ನಾನು ಶಹಬಾಸ್‌ಗಿರಿ ಅಂದುಕೊಂಡದ್ದು ಬರೀ ಕರುಣೆ. ಮೋಸ ಹೋದೆ ಎಂಬ ಮಾತನ್ನು ನಾನು ಯಾರ ಬಗ್ಗೆಯೂ ಹಗುರವಾಗಿ ಆಡುವವಳಲ್ಲ. ಆವತ್ತು ಆ ಕುರ್ಚಿಯಲ್ಲಿ ಕೂತು ಆ ಮಾತು ನನ್ನೊಳಗೆ ಸ್ಪಷ್ಟವಾಗಿ ಕೇಳಿಸಿತು.

ಕೂಗಾಡಬೇಕು ಅಂದುಕೊಂಡು ಹೋದವಳು ಕೂಗಾಡಲಿಲ್ಲ. ‘ಈ ಹುಡುಗೀದು ನಾನ ಬರೀತೀನ್ರಿ. ಬರೇ ಆಕಿ ಕೆಲಸದ ಮ್ಯಾಲ. ಮನಿ ಸುದ್ದಿ ಬ್ಯಾಡ. ಮಾತು ಕೊಡ್ರಿ’ ಅಂದೆ. ಮೇಡಂ ನಕ್ಕು ನನ್ನ ಕೈಮೇಲೆ ಕೈಯಿಟ್ಟರು. ‘ಆತು. ನೀ ಬರದಂಗ. ನಾ ಬರೇ ಸಹಿ ಹಾಕ್ತೀನಿ’ ಅಂದರು.

ಆ ಭಾನುವಾರ ಮಣಿಕೊಂಡಕ್ಕೆ ಹೋದಾಗ ಅವ್ವ ಶೇಂಗಾ ಹಿಂಡಿಯ ಡಬ್ಬಿ ಕಟ್ಟಿ ಇಟ್ಟಿದ್ದಳು, ಅಕ್ಕೋರಿಗೆ ಕೊಡು ಅಂತ. ಡಬ್ಬಿ ಇಸಿದುಕೊಂಡೆ. ಅವ್ವನ ಮುಖ ನೋಡಿದೆ. ಕೇಳಲು ಬಾಯಿ ಬರಲಿಲ್ಲ. ಕೇಳಿದರೆ, ನನಗೆ ಹೇಗೆ ಗೊತ್ತಾಯಿತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಹಿಂಡಿಯನ್ನು ಮೇಡಂಗೆ ಕೊಡಲಿಲ್ಲ. ಹಾಸ್ಟೆಲಿನಲ್ಲಿ ನಾವೇ ತಿಂದೆವು.

ಹುಡುಗಿಯ ಪತ್ರಕ್ಕೆ ನಾನು ನಾಲ್ಕು ದಿನ ತೆಗೆದುಕೊಂಡೆ. ಅವಳ ಪ್ರಬಂಧವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಓದುತ್ತ ಓದುತ್ತ ನನ್ನ ಸಿಟ್ಟು ಮರೆತೇ ಹೋಯಿತು. ಅವಳ ಸೋಸುಪುಡಿ ಮೂರು ವಾರ ಚೆನ್ನಾಗಿ ಕೆಲಸ ಮಾಡಿ ನಾಲ್ಕನೇ ವಾರಕ್ಕೆ ಸೋತಿತ್ತು. ಬೇರೆಯವರಾದರೆ ಮೂರು ವಾರದ ಗ್ರಾಫ್ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಇವಳು ನಾಲ್ಕನೇ ವಾರವನ್ನು ಮುಚ್ಚಿಡದೆ, ಅದೇಕೆ ಸೋತಿತು ಎಂದು ಹನ್ನೊಂದು ಸಲ ಮತ್ತೆ ಮಾಡಿ ನೋಡಿ, ನೀರಿನಲ್ಲಿದ್ದ ಇನ್ನೊಂದು ಲವಣವು ಪುಡಿಯ ರಂಧ್ರಗಳನ್ನು ಮುಚ್ಚುತ್ತಿದೆ ಎಂದು ತೋರಿಸಿದ್ದಳು. ನಾನು ಪತ್ರದಲ್ಲಿ ಅದನ್ನೇ ಬರೆದೆ. ನಾಲ್ಕನೇ ವಾರದ ಬಗ್ಗೆ ಒಂದೂವರೆ ಪುಟ ಬರೆದೆ. ಎರಡು ಕಡೆ ಅವಳ ವಾದ ಎಲ್ಲಿ ಸಡಿಲವಿದೆ ಎಂಬುದನ್ನೂ ಬರೆದೆ. ಅವಳನ್ನು ಕರೆದು ಆ ಎರಡು ಕಡೆಯ ಬಗ್ಗೆ ಜಗಳವನ್ನೂ ಆಡಿದೆ. ಅವಳು ಮುಖ ಕೆಂಪಗೆ ಮಾಡಿಕೊಂಡು ಒಂದನ್ನು ಒಪ್ಪಿಕೊಂಡಳು, ಇನ್ನೊಂದಕ್ಕೆ ಮಣಿಯಲಿಲ್ಲ. ಮಣಿಯದೆ ಇದ್ದದ್ದು ನೋಡಿ ನನಗೆ ಸಂತೋಷವಾಯಿತು. ನನಗಾಗಿ ಯಾರಾದರೂ ಇಂಥ ಪತ್ರ ಬರೆದಿದ್ದರೆ ಎಂದು ಹೊಟ್ಟೆಕಿಚ್ಚೂ ಆಯಿತು.

ಪತ್ರ ಮೇಡಂಗೆ ಕಳಿಸಿದೆ. ಮರುದಿನ ಅವರಿಂದ ಸಂದೇಶ ಬಂತು: ‘ಲೆಟರ್ ಕಳಿಸೀನಿ. ಭಾಳ ಒಣಾ ಅನಿಸ್ತು, ಸ್ವಲ್ಪ ಬ್ಯಾಕ್‌ಗ್ರೌಂಡ್ ಸೇರಿಸೀನಿ. ಚಿಂತಿ ಮಾಡಬ್ಯಾಡ.’

ಕೋಣೆಗೆ ಓಡಿದೆ. ಏನು ಸೇರಿಸಿದಿರಿ ಎಂದು ಕೇಳಿದೆ. ಪತ್ರ ಗೌಪ್ಯ, ತೋರಿಸುವಂತಿಲ್ಲ ಅಂದರು. ನಗುತ್ತಲೇ ಅಂದರು. ಕೊಟ್ಟ ಮಾತಿಗೆ ಒಂದು ವಾರದ ಆಯುಸ್ಸೂ ಇರಲಿಲ್ಲ. ನಾನು ಆಗಲೇ ಹುಡುಗಿಗೆ ಹೇಳಬಹುದಿತ್ತು. ನಿನ್ನ ಪತ್ರದಲ್ಲಿ ಏನೋ ಸೇರಿದೆ, ಎಚ್ಚರವಾಗಿರು ಎನ್ನಬಹುದಿತ್ತು. ಹೇಳಲಿಲ್ಲ. ಹೇಳಿದರೆ ನನ್ನ ಪತ್ರದ ಕಥೆ ಹೇಳಬೇಕು, ಅದನ್ನು ಹೇಳಿದರೆ ಅವ್ವನ ಸೇಂದಿಯ ಕಥೆ ಹೇಳಬೇಕು. ನನ್ನ ಕೆಲಸ ಮುಂದುವರಿಯಬೇಕಾದರೆ ಮೇಡಂ ಸಹಿ ಬೇಕು ಎಂಬುದೂ ತಲೆಯಲ್ಲಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಿ ಹೊಲಿದುಕೊಂಡು ಕೂತೆ.

ಸಂದರ್ಶನ ಕಂಪ್ಯೂಟರಿನಲ್ಲೇ ನಡೆಯುವುದೆಂದು ಗೊತ್ತಾಯಿತು. ಮಗಳ ಜೊತೆಗಿರಬೇಕೆಂದು ಹುಡುಗಿಯ ತಾಯಿ ಊರಿಂದ ಹೊರಟರು. ಹುಡುಗಿ ಓದಿಕೊಳ್ಳುತ್ತಿದ್ದಳಾದ್ದರಿಂದ ಕಾಚಿಗೂಡ ಸ್ಟೇಷನ್ನಿಗೆ ನಾನು ಹೋದೆ. ಇಸ್ತ್ರಿ ಮಾಡಿದ ನೂಲಿನ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಎರಡು ಚೀಲ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಚಹಾ ಕುಡಿಯುವಾಗ ಲೋಟವನ್ನು ತಾವೇ ಇನ್ನೊಮ್ಮೆ ತೊಳೆಸಿದರು.

‘ನೂರಾರು ಮಕ್ಕಳಿಗೆ ಅಡಗಿ ಮಾಡ್ತೀನ್ರಿ. ಅನ್ನದಾಗ ಒಂದು ಹಳ್ಳು ಸಿಕ್ಕೈತಿ ಅಂತ ಒಬ್ಬರೂ ಅಂದಿಲ್ಲ’ ಅಂದರು. ‘ನಮ್ಮ ಮನ್ಯಾಗ ಸೆರೆ, ಸೇಂದಿ ಹೊಸಲಿ ದಾಟಿ ಒಳಗ ಬಂದಿಲ್ರಿ. ಅದಕ್ಕ ಈಕಿ ಇಷ್ಟು ಓದಿದ್ಳು ನೋಡ್ರಿ.’

ನಾನು ಹೌದ್ರಿ ಅಂದು ಚೀಲ ಎತ್ತಿಕೊಂಡೆ.

ಸಂದರ್ಶನದ ದಿನ ಸೆಲ್ಲಿನ ಪಕ್ಕದ ಸಣ್ಣ ಕೋಣೆಯನ್ನು ಬಿಡಿಸಿಕೊಟ್ಟೆ. ತಾಯಿ ಹೊರಗೆ ಇರಲು ಒಪ್ಪಲಿಲ್ಲ. ಕ್ಯಾಮೆರಾಗೆ ಕಾಣದಂತೆ ಮೂಲೆಯಲ್ಲಿ, ಮಗಳ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಬಾಗಿಲು ಹಾಕಿ ಬಂದೆ. ಅರ್ಧ ಗಂಟೆಯಾದ ಮೇಲೆ ಹುಡುಗಿ ಒಬ್ಬಳೇ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅವಳ ಮುಖ ನೋಡಿ, ನಾಲ್ಕನೇ ವಾರದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿರಬೇಕು ಅಂದುಕೊಂಡೆ.

‘ನಾಕನೇ ವಾರದ್ದು ಕೇಳಿದ್ರು. ಅದು ಚಲೋ ಆತಕ್ಕ’ ಅಂದಳು. ‘ಆಮ್ಯಾಲ ಒಬ್ರು, ನಿಮ್ಮ ಪತ್ರದಾಗ ಐತಿ, ನಿಮ್ಮ ತಾಯಿ ಮಾದಾಪುರದಾಗ ಬುಟ್ಟಿ ಹೊರೋ ಮುಂದ ನಿಮಗ ಸೇಂದಿ ಹಾಕಿ ಮಲಗಿಸ್ತಿದ್ರಂತ, ಅಲ್ಲಿಂದ ಇಲ್ಲೀತನ ಬಂದೀರಿ, ಏನನ್ನಿಸ್ತೈತಿ ಅಂತ ಕೇಳಿದ್ರು.’

ಮೇಡಂಗೆ ಈ ಹುಡುಗಿಯ ಮನೆಯ ಬಗ್ಗೆ ಏನೂ ತಿಳಿದಿರಲಿಲ್ಲ. ತಿಳಿದುಕೊಳ್ಳಲು ಪುರುಸೊತ್ತೂ ಇರಲಿಲ್ಲ. ಮಾಡೆಲ್ ತೆಗೆದು ನಮ್ಮವ್ವನ ಪ್ಯಾರಾವನ್ನು ಎತ್ತಿ ಇವಳ ಪತ್ರಕ್ಕೆ ಅಂಟಿಸಿ ಕಳಿಸಿದ್ದರು. ಅವರ ಪಾಲಿಗೆ ನಮ್ಮ ತಾಯಂದಿರೆಲ್ಲ ಒಬ್ಬಳೇ.

‘ನೀ ಏನಂದಿ?’

‘ಹೌದು ಅಂದೆ.’

‘ಹೌದು ಅಂದ್ಯಾ? ನಿಮ್ಮವ್ವ ಎದುರಿಗೇ ಕುಂತಿರಬೇಕಾದ್ರ?’

‘ಆಕೀಗಿ ಇಂಗ್ಲಿಷ್ ತಿಳ್ಯಂಗಿಲ್ಲಲ್ಲಕ್ಕ. ನನ್ನ ನೋಡಿ ನಗಾಕತ್ತಿದ್ಳು.’ ಹುಡುಗಿ ನೆಲ ನೋಡುತ್ತ ಮಾತಾಡಿದಳು. ‘ಹೌದ್ರಿ, ನಮ್ಮವ್ವನ ಬಗ್ಗೆ ನನಗ ಹೆಮ್ಮೆ ಐತಿ ಅಂದೆ. ಇಲ್ಲ ಅಂದಿದ್ರ ಮೇಡಂ ಸುಳ್ಳು ಬರದಾರ ಅಂತ ಆಗ್ತಿತ್ತು. ಅಷ್ಟು ಮಾಡಿದವ್ರಿಗೆ ನಾ ದ್ರೋಹ ಮಾಡ್ಲೇನಕ್ಕ?’

ಅವಳಿಗೆ ಆ ತಾಯಿ ಯಾರೆಂದು ಗೊತ್ತಿರಲಿಲ್ಲ. ಮೇಡಂ ಏನೋ ಕಟ್ಟಿ ಬರೆದಿದ್ದಾರೆ ಎಂದೇ ತಿಳಿದಿದ್ದಳು. ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅದು ನನ್ನ ಅವ್ವ, ನಿನಗೆ ಯಾರು ಕೊಟ್ಟರು ಎಂದು ಕಿರುಚಬೇಕು ಅನ್ನಿಸಿತು. ಆದರೆ ಎಚ್ಚರಿಸಬೇಕಾಗಿದ್ದವಳು ನಾನು. ಬಾಯಿ ಹೊಲಿದುಕೊಂಡು ಕೂತವಳೂ ನಾನೇ. ಮುಂದೆ ಅವಳಿಗೆ ಸೀಟು ಸಿಕ್ಕಿತು. ಅವಳ ನಾಲ್ಕನೇ ವಾರಕ್ಕೆ ಸಿಕ್ಕಿತೋ ನಮ್ಮವ್ವನ ಸೇಂದಿಗೆ ಸಿಕ್ಕಿತೋ, ಅದು ಅವಳಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ಆ ಕೆಲಸ ಮಾಡಿದ ಹುಡುಗಿಗೆ ಅಷ್ಟಾದರೂ ಖಾತ್ರಿಯಿರಬೇಕಿತ್ತು.

ನಾವು ಹಾಗೇ ನಿಂತಿರುವಾಗ ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದರು. ಅವರ ಮುಖ ಅರಳಿತ್ತು.

‘ಅವರು ಮದರ್, ಮದರ್ ಅಂದದ್ದು ನನಗ ತಿಳೀತ್ರಿ’ ಅಂದರು ನನ್ನ ಕಡೆಗೆ ತಿರುಗಿ. ‘ನನ್ನ ಸುದ್ದಿ ಏನು ಬಂತ್ರಿ ಅದರಾಗ?’

ಹುಡುಗಿ ನನ್ನನ್ನು ಒಮ್ಮೆ ನೋಡಿದಳು. ‘ನಿನ್ನ ಬಗ್ಗೆ ಹೆಮ್ಮೆ ಐತಿ ಅಂತ ಹೇಳಿದೆ ಬೇ’ ಅಂದಳು.

ತಾಯಿಗೆ ಮಗಳ ಮಾತು ಸಾಲಲಿಲ್ಲ. ಮಕ್ಕಳು ಮನಸ್ಸು ತಣಿಸಲು ಏನಾದರೂ ಹೇಳುತ್ತಾರಲ್ಲ. ಮಗಳಿಂದ ಆಗಲೇ ಎಲ್ಲ ಕೇಳಿಕೊಂಡವಳು, ಓದಿದವಳು, ಸುಳ್ಳು ಹೇಳಲಾರದವಳು ಎಂದು ನನ್ನ ಮುಖವನ್ನೇ ನೋಡಿದರು.

‘ಖರೇ ಏನ್ರಿ?’

‘ಖರೇ ರಿ’ ಅಂದೆ ನಾನು.